ಹನ್ನೆರಡು ಲಕ್ಷ ವರ್ಷ ಹಿಂದಿನ ಕಲ್ಲಿನ ಕಮ್ಮಟ: ಇಸಾಂಪುರ ಕಲಿಸಿದ್ದೇನು, ಕೋಲಾರ ಕಲಿಯಬೇಕಾದದ್ದೇನು?

ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರೆಂದು ನಾಡಿಗೆಲ್ಲ ಪರಿಚಿತ. ಇಲ್ಲಿ ಕೆತ್ತನೆ ನಡೆಯುವ ಅಂಗಳಗಳಲ್ಲಿ ವಿಗ್ರಹಗಳಿಗಿಂತ ಹೆಚ್ಚಾಗಿ ಕಾಣುವುದು ಕಲ್ಲಿನ ಚಕ್ಕೆಗಳು. ಉಳಿಯ ಏಟಿಗೆ ಸಿಡಿದ ದೊಡ್ಡ ಚೂರುಗಳು ಒಂದೆಡೆ, ನಯಗೊಳಿಸುವಾಗ ಉದುರಿದ ಸಣ್ಣ ಹರಳುಗಳು ಇನ್ನೊಂದೆಡೆ, ಸೀಳು ಬಿಟ್ಟಿತೆಂದು ಕೈಬಿಟ್ಟ ಅರೆಬರೆ ಮೂರ್ತಿ ಮತ್ತೊಂದೆಡೆ. ಶಿಲ್ಪಿಗಳು ಊರು ಬಿಟ್ಟು ಹೋದರೂ, ವಿಗ್ರಹಗಳೆಲ್ಲ ಮಾರಾಟವಾದರೂ, ಆ ಚಕ್ಕೆಗಳು ಮಾತ್ರ ಬಿದ್ದಲ್ಲೇ ಉಳಿದರೆ, ಅಲ್ಲಿ ಏನು ಕೆಲಸ ನಡೆಯುತ್ತಿತ್ತು, ಕೆಲಸಗಾರ ಎಲ್ಲಿ ಕುಳಿತಿದ್ದ, ಯಾವ ಹಂತದಲ್ಲಿ ಯಾವ ಏಟು ಹಾಕಿದ ಎಂಬುದನ್ನು ಬಲ್ಲವರು ಓದಿ ಹೇಳಬಹುದು. ಆದರೆ ಅದೇ ಚಕ್ಕೆಗಳನ್ನು ಬುಟ್ಟಿಯಲ್ಲಿ ತುಂಬಿ ರಸ್ತೆಯ ಗುಂಡಿಗೆ ಸುರಿದರೆ ಅವು ಬರೀ ಜಲ್ಲಿ.

ಇದೇ ಸರಳ ತರ್ಕವನ್ನು ಹಿಡಿದು ಪುರಾತತ್ವಜ್ಞರು ಕರ್ನಾಟಕದ ಮಣ್ಣಿನಲ್ಲಿ ಸುಮಾರು ಹನ್ನೆರಡು ಲಕ್ಷ ವರ್ಷಗಳಷ್ಟು ಹಿಂದೆ ಹೋಗಿದ್ದಾರೆ. ಶಿವಾರಪಟ್ಟಣದಿಂದ ವಾಯವ್ಯಕ್ಕೆ ನಾನೂರು ಕಿಲೋಮೀಟರಿಗೂ ದೂರದಲ್ಲಿ, ಯಾದಗಿರಿ ಜಿಲ್ಲೆಯ ಹುಣಸಗಿ ಸಮೀಪದ ಇಸಾಂಪುರ ಎಂಬ ಪುಟ್ಟ ಹಳ್ಳಿಯ ಪಕ್ಕದಲ್ಲಿ, ಆದಿಮಾನವರು ಕಲ್ಲೊಡೆದು ಆಯುಧ ಮಾಡುತ್ತಿದ್ದ ಜಾಗವೊಂದು ಹೆಚ್ಚುಕಡಿಮೆ ಅವರು ಬಿಟ್ಟುಹೋದ ಸ್ಥಿತಿಯಲ್ಲೇ ದೊರೆತಿದೆ. ಭಾರತದ ಪ್ರಾಗಿತಿಹಾಸದ ಯಾವುದೇ ಗಂಭೀರ ಗ್ರಂಥ ಈ ಹಳ್ಳಿಯ ಹೆಸರನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಹಾಗಿದ್ದೂ ಬಾದಾಮಿ, ಹಂಪಿ, ಬೇಲೂರುಗಳನ್ನು ಬಲ್ಲ ಕನ್ನಡಿಗರಲ್ಲಿ ಇಸಾಂಪುರವನ್ನು ಬಲ್ಲವರು ವಿರಳ.

ಕಾಲುವೆ ಕಾಮಗಾರಿ ತೆರೆದಿಟ್ಟ ಕಣಿವೆ

ಹುಣಸಗಿ ಮತ್ತು ಬೈಚಬಾಳ ಒಂದಕ್ಕೊಂದು ಹೊಂದಿಕೊಂಡ ಎರಡು ಕಣಿವೆಗಳು. ಸುತ್ತ ತಗ್ಗಾದ ಗುಡ್ಡಗಳ ಬೇಲಿ, ನಡುವೆ ಕಪ್ಪುಮಣ್ಣಿನ ಬಯಲು, ಕೃಷ್ಣಾ ನದಿಯತ್ತ ಹರಿಯುವ ಹಳ್ಳಗಳು. ಎರಡೂ ಸೇರಿ ಸುಮಾರು 500 ಚದರ ಕಿಲೋಮೀಟರ್ ವಿಸ್ತೀರ್ಣ. ಹಿಂದೆ ಗುಲ್ಬರ್ಗ ಜಿಲ್ಲೆಯ ಸುರಪುರ ತಾಲ್ಲೂಕಿಗೆ ಸೇರಿದ್ದ ಈ ಸೀಮೆಯನ್ನು 1960ರ ದಶಕದಿಂದ ಕಾಲ್ನಡಿಗೆಯಲ್ಲಿ ಶೋಧಿಸಿದವರು ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ. ಒಂದೇ ಪ್ರದೇಶವನ್ನು ದಶಕಗಳ ಕಾಲ ಬಿಡದೆ ಅಭ್ಯಸಿಸಿದ ಇಂತಹ ಉದಾಹರಣೆ ಭಾರತೀಯ ಪುರಾತತ್ವದಲ್ಲಿ ಕಡಿಮೆ. ಅವರ ಹುಡುಕಾಟದಿಂದ ಈ ಎರಡು ಕಣಿವೆಗಳಲ್ಲಿ ಹಳೆ ಶಿಲಾಯುಗದ ಆರಂಭ ಘಟ್ಟಕ್ಕೆ ಸೇರಿದ ಇನ್ನೂರಕ್ಕೂ ಹೆಚ್ಚು ತಾಣಗಳು ಬೆಳಕಿಗೆ ಬಂದವು. 2012ರಲ್ಲಿ ಪದ್ದಯ್ಯ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಇಸಾಂಪುರ ಕಣ್ಣಿಗೆ ಬಿದ್ದದ್ದು 1983ರಲ್ಲಿ. ನಾರಾಯಣಪುರ ಜಲಾಶಯದಿಂದ ಈ ಬಯಲಿಗೆ ನೀರು ಹರಿಸುವ ಕೃಷ್ಣಾ ಮೇಲ್ದಂಡೆ ಯೋಜನೆಯ ದಿನಗಳವು. ನೀರಾವರಿ ಕಾಮಗಾರಿಗಾಗಿ ಮೇಲಿನ ಮಣ್ಣನ್ನು ಅಗೆದು ತೆಗೆದಾಗ ಅದರಡಿಯಲ್ಲಿ ಸುಣ್ಣಕಲ್ಲಿನ ಹಾಸು, ಹಾಸಿನ ಮೇಲೆ ಒಡೆದ ಕಲ್ಲುಗಳು ಒತ್ತಾಗಿ ಹರಡಿಕೊಂಡಿರುವುದು ಕಾಣಿಸಿತು. ಲಕ್ಷಾಂತರ ವರ್ಷಗಳ ಕಾಲ ಮಳೆ, ಗಾಳಿ, ನೇಗಿಲುಗಳಿಂದ ತಾಣವನ್ನು ಕಾಪಾಡಿದ್ದು ಆ ಮೇಲ್ಮಣ್ಣು. ಅದನ್ನು ತೆಗೆದ ಯಂತ್ರ ಇನ್ನೂ ಒಂದೆರಡು ಅಡಿ ಕೆಳಗಿಳಿದಿದ್ದರೆ ತಾಣವೇ ಉಳಿಯುತ್ತಿರಲಿಲ್ಲ. ಯಂತ್ರ ಬರದೇ ಇದ್ದಿದ್ದರೆ ತಾಣ ಇದೆಯೆಂದೇ ಯಾರಿಗೂ ತಿಳಿಯುತ್ತಿರಲಿಲ್ಲ.

ಮುಂದೆ 1997ರಿಂದ 2001ರವರೆಗೆ ಡೆಕ್ಕನ್ ಕಾಲೇಜಿನ ತಂಡ ಅಮೆರಿಕದ ಪುರಾತತ್ವಜ್ಞ ಮೈಕೆಲ್ ಪೆಟ್ರಾಗ್ಲಿಯಾ ಅವರೊಡಗೂಡಿ ಇಲ್ಲಿ ವ್ಯವಸ್ಥಿತ ಉತ್ಖನನ ನಡೆಸಿತು. ತಾಣದ ಒಟ್ಟು ಹರವು ಸುಮಾರು ಮುಕ್ಕಾಲು ಹೆಕ್ಟೇರ್, ಅಂದರೆ ಎರಡು ಎಕರೆಗೂ ತುಸು ಕಡಿಮೆ. ಅದರ ಒಂದು ಸಣ್ಣ ಪಾಲನ್ನಷ್ಟೇ ಅಗೆದರೂ ದೊರೆತ ಕಲ್ಲಿನ ವಸ್ತುಗಳ ಸಂಖ್ಯೆ ಹತ್ತು ಸಾವಿರವನ್ನು ಮೀರಿತು.

ಗಣಿಯೂ ಅದೇ, ಕಮ್ಮಟವೂ ಅದೇ

ಆದಿಮಾನವರು ಈ ಜಾಗವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಭೂವಿಜ್ಞಾನಿಗಳು ಭೀಮಾ ಶ್ರೇಣಿಯೆಂದು ಕರೆಯುವ ಸುಣ್ಣಕಲ್ಲು ಇಲ್ಲಿ ಹಾಸುಹಾಸಾಗಿ ಮೇಲಕ್ಕೆ ಕಾಣಿಸಿಕೊಳ್ಳುತ್ತದೆ. ಬಿಸಿಲು ಮಳೆಗೆ ಸಿಲುಕಿದ ಹಾಸು ತಾನಾಗಿಯೇ ಬಿರಿದು, ಎತ್ತಿ ಸಾಗಿಸಬಹುದಾದ ಚಪ್ಪಡಿಗಳಾಗುತ್ತದೆ. ಸಾಮಾನ್ಯ ಸುಣ್ಣಕಲ್ಲು ಆಯುಧಕ್ಕೆ ಒದಗದಷ್ಟು ಮೃದು. ಇಲ್ಲಿನ ಕಲ್ಲಿನಲ್ಲಿ ಮರಳಿನ ಮುಖ್ಯ ಘಟಕವಾದ ಸಿಲಿಕಾ ಸೇರಿಕೊಂಡು ಗಡಸುತನ ಬಂದಿದೆ. ಪಕ್ಕದಲ್ಲೇ ನೀರಿನ ಹರಿವಿತ್ತು. ಕಲ್ಲು, ನೀರು, ನೀರಿಗೆ ಬರುವ ಬೇಟೆ ಮೂರೂ ಒಂದೇ ಕಡೆ ಸಿಗುವ ಜಾಗವಿದು.

ಉತ್ಖನನದಲ್ಲಿ ಕಂಡದ್ದು ಕೆಲಸದ ಎಲ್ಲ ಹಂತಗಳು. ಆಯ್ದು ತಂದ ಚಪ್ಪಡಿಗಳು, ಒಂದೆರಡು ಏಟು ಹಾಕಿ ಪರೀಕ್ಷಿಸಿ ಬಿಟ್ಟವು, ದೊಡ್ಡ ಚಕ್ಕೆಗಳನ್ನು ಎಬ್ಬಿಸಿದ ತಿರುಳುಗಲ್ಲುಗಳು, ಅರ್ಧಕ್ಕೆ ಮುರಿದ ಆಯುಧಗಳು, ಪೂರ್ಣಗೊಂಡವು, ಮತ್ತು ಅವೆಲ್ಲದರ ನಡುವೆ ರಾಶಿರಾಶಿ ಚಕ್ಕೆಚೂರು. ಒಡೆಯಲು ಬಳಸಿದ ಸುತ್ತಿಗೆಗಲ್ಲುಗಳೂ ದೊರೆತವು. ಅವು ಸುಣ್ಣಕಲ್ಲಿನವಲ್ಲ. ಅದಕ್ಕಿಂತ ಗಟ್ಟಿಯಾದ ಬೆಣಚುಶಿಲೆ, ಬಸಾಲ್ಟ್, ಚರ್ಟ್ ಜಾತಿಯ ಉಂಡೆಗಲ್ಲುಗಳನ್ನು ಅದಕ್ಕೆಂದೇ ಬೇರೆಡೆಯಿಂದ ಹೆಕ್ಕಿ ತರಲಾಗಿತ್ತು. ಯಾವ ಕಲ್ಲಿನಿಂದ ಯಾವ ಕಲ್ಲನ್ನು ಒಡೆಯಬೇಕೆಂಬ ಅರಿವು, ನಾಳೆಯ ಕೆಲಸಕ್ಕೆ ಇಂದೇ ಸಾಮಗ್ರಿ ಹೊಂದಿಸುವ ಮುಂದಾಲೋಚನೆ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಅವರು ಮಾಡುತ್ತಿದ್ದ ಮುಖ್ಯ ಆಯುಧಗಳು ಎರಡು. ಮೊದಲನೆಯದು ಕೈಗೊಡಲಿ. ಹೆಸರಿನಲ್ಲಿ ಕೊಡಲಿ ಇದ್ದರೂ ಇದಕ್ಕೆ ಕಾವು ಇಲ್ಲ. ಬಾದಾಮಿಯ ಬೀಜದಂತೆ ಒಂದು ತುದಿ ಚೂಪು, ಇನ್ನೊಂದು ತುದಿ ದಪ್ಪ. ಅಂಚಿನ ಸುತ್ತ ಎರಡೂ ಮುಖಗಳಿಂದ ಚಕ್ಕೆ ಎಬ್ಬಿಸಿ ಹರಿತಗೊಳಿಸಿರುತ್ತಾರೆ. ಅಂಗೈಯಲ್ಲಿ ಹಿಡಿದು ಮಾಂಸ ಕೊಯ್ಯಲು, ಗೆಡ್ಡೆ ಅಗೆಯಲು, ಕೊಂಬೆ ಕಡಿಯಲು ಆಗುವ ಬಹೂಪಯೋಗಿ ಸಾಧನವಿದು. ಎರಡನೆಯದು ಕ್ಲೀವರ್. ಇದರ ತುದಿ ಚೂಪಾಗಿರದೆ ಮಚ್ಚಿನ ಬಾಯಿಯಂತೆ ಅಗಲವಾಗಿ, ನೇರವಾಗಿ ಇರುತ್ತದೆ. ಇಸಾಂಪುರದ ಕುಶಲಿಗರು ತೆಳುವಾದ ಚಪ್ಪಡಿ ಸಿಕ್ಕರೆ ಅದರ ಅಂಚನ್ನಷ್ಟೇ ಕೊರೆದು ನೇರವಾಗಿ ಕೈಗೊಡಲಿ ಮಾಡುತ್ತಿದ್ದರು. ದಪ್ಪ ಚಪ್ಪಡಿ ಸಿಕ್ಕರೆ ಅದರಿಂದ ಅಗಲವಾದ ಚಕ್ಕೆಯನ್ನು ಒಂದೇ ಬಲವಾದ ಏಟಿಗೆ ಎಬ್ಬಿಸಿ ಕ್ಲೀವರ್‌ಗೆ ಬಳಸುತ್ತಿದ್ದರು. ಕಲ್ಲಿನ ರೂಪ ನೋಡಿ ಕೆಲಸದ ದಾರಿ ಬದಲಿಸುವ ಈ ಜಾಣ್ಮೆಯನ್ನು ವಿದ್ವಾಂಸರು ವಿಶೇಷವಾಗಿ ಗುರುತಿಸುತ್ತಾರೆ.

ಈ ಬಗೆಯ ಆಯುಧ ಸಂಪ್ರದಾಯಕ್ಕೆ ಅಶ್ಯೂಲಿಯನ್ ಎಂಬ ಹೆಸರಿದೆ. ಫ್ರಾನ್ಸಿನ ಸೇಂಟ್ ಅಶ್ಯೂಲ್ ಎಂಬ ಊರಿನಿಂದ ಬಂದ ಹೆಸರದು. ಆದರೆ ಸಂಪ್ರದಾಯದ ತವರು ಆಫ್ರಿಕ. ಕೆನ್ಯಾದಲ್ಲಿ ಸುಮಾರು 17.6 ಲಕ್ಷ ವರ್ಷ ಹಳೆಯ ಕೈಗೊಡಲಿಗಳು ದೊರೆತಿವೆ.

ಕಲ್ಲು ತಾನಾಗಿ ಒಡೆದಿದ್ದಲ್ಲವೇ?

ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯ ಮುಂದೆ ನಿಂತ ಬಹುತೇಕರಿಗೆ ಏಳುವ ಸಂಶಯವಿದು. ಬೆಟ್ಟದಿಂದ ಉರುಳಿ, ಹೊಳೆಯಲ್ಲಿ ಕೊಚ್ಚಿ, ಬಿಸಿಲಿಗೆ ಸಿಡಿದು ಕಲ್ಲುಗಳು ದಿನವೂ ಒಡೆಯುತ್ತಲೇ ಇರುತ್ತವೆ. ಅವುಗಳಲ್ಲಿ ಮನುಷ್ಯ ಒಡೆದದ್ದು ಯಾವುದೆಂದು ತಿಳಿಯುವುದು ಹೇಗೆ?

ಉತ್ತರ ಏಟಿನ ಗುರುತುಗಳಲ್ಲಿದೆ. ಒಳ್ಳೆಯ ಗುಣದ ಕಲ್ಲಿನ ಅಂಚಿಗೆ ಇನ್ನೊಂದು ಕಲ್ಲಿನಿಂದ ಕುಟ್ಟಿದಾಗ ಏಟಿನ ಬಲ ಅಲೆಯಂತೆ ಒಳಗೆ ಹರಡುತ್ತದೆ. ಬಿಡಿಸಿಕೊಂಡ ಚಕ್ಕೆಯ ಒಳಮೈಯಲ್ಲಿ, ಏಟು ಬಿದ್ದ ಜಾಗದ ಕೆಳಗೆ, ಸಣ್ಣ ಗುಬುಟು ಮೂಡುತ್ತದೆ. ಅಲ್ಲಿಂದ ಮುಂದಕ್ಕೆ, ಕೊಳಕ್ಕೆ ಕಲ್ಲೆಸೆದಾಗ ಏಳುವ ಉಂಗುರಗಳಂತೆ, ನಸುಗೆರೆಗಳು ಕಾಣುತ್ತವೆ. ಚಕ್ಕೆ ಎದ್ದುಹೋದ ತಾಯಿಗಲ್ಲಿನಲ್ಲಿ ಅದಕ್ಕೆ ಸರಿಹೊಂದುವ ಕುಳಿ ಉಳಿಯುತ್ತದೆ. ಬಿಸಿಲಿಗೆ ಸಿಡಿದ ಕಲ್ಲಿನಲ್ಲಿ ಈ ಗುರುತುಗಳು ಇರುವುದಿಲ್ಲ.

ಹೊಳೆಯ ಉರುಳಾಟದಲ್ಲಿಯೂ ಅಪರೂಪಕ್ಕೆ ಒಂದು ಚಕ್ಕೆ ಹೀಗೆ ಏಳಬಹುದು. ಆದ್ದರಿಂದ ಒಂದು ಗುರುತಿಗಿಂತ ಗುರುತುಗಳ ಸರಣಿ ಮುಖ್ಯ. ಒಂದೇ ಅಂಚಿನ ಉದ್ದಕ್ಕೂ ಸಮಾನ ಅಂತರದಲ್ಲಿ ಎಂಟು ಹತ್ತು ಚಕ್ಕೆ ಎದ್ದಿವೆ, ಕಲ್ಲನ್ನು ಮಗುಚಿ ಇನ್ನೊಂದು ಮುಖದಿಂದಲೂ ಹಾಗೆಯೇ ಎಬ್ಬಿಸಲಾಗಿದೆ, ಅದೇ ಆಕಾರ ಪಕ್ಕದ ಐವತ್ತು ಕಲ್ಲುಗಳಲ್ಲಿ ಮರುಕಳಿಸಿದೆ ಎಂದಾದರೆ ಅದು ಪ್ರಕೃತಿಯ ಆಕಸ್ಮಿಕವಲ್ಲ. ಸಂಶೋಧಕರು ಇದನ್ನು ಪ್ರಯೋಗದಿಂದಲೂ ಪರೀಕ್ಷಿಸಿದ್ದಾರೆ. ಕ್ರಿಸ್ ಶಿಪ್ಟನ್, ಪೆಟ್ರಾಗ್ಲಿಯಾ ಮತ್ತು ಪದ್ದಯ್ಯ 2009ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಕಲ್ಲೊಡೆದು ಆಯುಧ ಮಾಡುವ ಪ್ರಯೋಗ ನಡೆಸಿ, ಅದರ ಫಲವನ್ನು ಇಸಾಂಪುರದ ಸಾಮಗ್ರಿಯೊಂದಿಗೆ ಹೋಲಿಸಿ, ಆಯುಧ ತಯಾರಿಕೆಯ ಕ್ರಮವನ್ನು ವಿವರಿಸಲಾಯಿತು.

ವರ್ಷವನ್ನು ಎಣಿಸುವ ಬಗೆ

ಪ್ರಾಚೀನ ವಸ್ತುಗಳ ಕಾಲ ನಿರ್ಣಯ ಎಂದೊಡನೆ ನೆನಪಾಗುವುದು ಇಂಗಾಲ-14 ವಿಧಾನ. ಆದರೆ ಅದರ ವ್ಯಾಪ್ತಿ ಸುಮಾರು 50 ಸಾವಿರ ವರ್ಷಗಳಿಗೆ ಮುಗಿಯುತ್ತದೆ. ಹುಣಸಗಿ ಕಣಿವೆಯ ಸಾಮಗ್ರಿಗೆ ಅದು ಎಟುಕದು. 1990ರಲ್ಲಿ ಪ್ರಕಟವಾದ ಅಧ್ಯಯನವೊಂದು ಯುರೇನಿಯಂ-ಥೋರಿಯಂ ವಿಧಾನವನ್ನು ಬಳಸಿತು. ಅದರ ತಲುಪು ಸುಮಾರು ಮೂರೂವರೆ ಲಕ್ಷ ವರ್ಷಗಳು. ಕಣಿವೆಯ ಕೆಲವು ಮಾದರಿಗಳು ಆ ಗಡಿಯನ್ನೇ ಮುಟ್ಟಿದ್ದರಿಂದ, ತಾಣಗಳು ಅದಕ್ಕೂ ಹಳೆಯವಿರಬೇಕೆಂಬ ಊಹೆಗೆ ಬಲ ಬಂತು.

ಇಸಾಂಪುರದಲ್ಲಿ ಕಲ್ಲಿನ ಆಯುಧಗಳ ಜೊತೆಗೆ ಕಾಡುದನದ ಜಾತಿಯ ಪ್ರಾಣಿಯ ಹಲ್ಲುಗಳೂ ಪಳೆಯುಳಿಕೆಯಾಗಿ ದೊರೆತವು. ಕಾಲ ನಿರ್ಣಯಕ್ಕೆ ದಾರಿ ಮಾಡಿದ್ದು ಈ ಹಲ್ಲುಗಳು. ಮಣ್ಣಿನಲ್ಲಿ ಹೂತ ಹಲ್ಲಿಗೆ ಸುತ್ತಲಿನ ಮಣ್ಣು ಕಲ್ಲುಗಳಿಂದ ಅತ್ಯಲ್ಪ ಪ್ರಮಾಣದ ಸಹಜ ವಿಕಿರಣ ಎಡೆಬಿಡದೆ ತಾಕುತ್ತಿರುತ್ತದೆ. ಅದರ ಪರಿಣಾಮವಾಗಿ ಹಲ್ಲಿನ ಎನಾಮೆಲ್ ಪದರದಲ್ಲಿ ಇಲೆಕ್ಟ್ರಾನುಗಳು ಸಿಕ್ಕಿಬೀಳುತ್ತ ಹೋಗುತ್ತವೆ. ಹೂತ ಕಾಲ ಹೆಚ್ಚಿದಷ್ಟೂ ಸಿಕ್ಕಿಬಿದ್ದವುಗಳ ಸಂಖ್ಯೆ ಹೆಚ್ಚು. ಇಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್ ಎಂಬ ವಿಧಾನದಿಂದ ಆ ಸಂಖ್ಯೆಯನ್ನು ಅಳೆದು, ವರ್ಷಕ್ಕೆ ತಾಕುವ ವಿಕಿರಣದ ಪ್ರಮಾಣದಿಂದ ಭಾಗಿಸಿದರೆ ಹೂತ ಕಾಲದ ಅಂದಾಜು ದೊರೆಯುತ್ತದೆ. ಭೂವಿಜ್ಞಾನಿ ಬೋನಿ ಬ್ಲ್ಯಾಕ್‌ವೆಲ್ ಮತ್ತು ಸಂಗಡಿಗರು ನಡೆಸಿದ ಈ ಪರೀಕ್ಷೆ ಸುಮಾರು 12.7 ಲಕ್ಷ ವರ್ಷ ಎಂಬ ಉತ್ತರ ಕೊಟ್ಟಿತು. ಹಿಂದುಮುಂದಿನ ವ್ಯತ್ಯಾಸ 1.7 ಲಕ್ಷ ವರ್ಷ. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ 2002ರಲ್ಲಿ ಈ ಕುರಿತ ಲೇಖನ ಪ್ರಕಟವಾಯಿತು.

ಹೂತ ಹಲ್ಲು ಮಣ್ಣಿನ ನೀರಿನಿಂದ ಯುರೇನಿಯಂ ಹೀರಿಕೊಂಡದ್ದು ಬೇಗನೆಯೋ ನಿಧಾನವಾಗಿಯೋ ಎಂಬುದರ ಮೇಲೆ ಈ ಲೆಕ್ಕ ಬದಲಾಗುತ್ತದೆ. ಆದ್ದರಿಂದ ವಿದ್ವಾಂಸರು ಈ ಸಂಖ್ಯೆಯನ್ನು ಎಚ್ಚರಿಕೆಯಿಂದಲೇ ಬಳಸುತ್ತಾರೆ. ಆದರೆ 2011ರಲ್ಲಿ ಇದಕ್ಕೆ ಪೂರಕವಾದ ಇನ್ನೊಂದು ಸುದ್ದಿ ಬಂತು. ಚೆನ್ನೈ ಸಮೀಪದ ಅತ್ತಿರಂಪಾಕ್ಕಂ ಎಂಬ ತಾಣದಲ್ಲಿ ಶಾಂತಿ ಪಪ್ಪು ಮತ್ತು ತಂಡದವರು ತೆಗೆದ ಅಶ್ಯೂಲಿಯನ್ ಆಯುಧಗಳಿಗೆ, ಸಂಪೂರ್ಣ ಬೇರೆಯದೇ ವಿಧಾನದಿಂದ, ಸುಮಾರು 15 ಲಕ್ಷ ವರ್ಷಗಳ ವಯಸ್ಸು ನಿಗದಿಯಾಯಿತು. ದಕ್ಷಿಣ ಭಾರತದಲ್ಲಿ ಹತ್ತು ಲಕ್ಷ ವರ್ಷಗಳಿಗೂ ಹಿಂದೆ ಕೈಗೊಡಲಿ ಮಾಡುವವರಿದ್ದರು ಎಂಬುದು ಹೀಗೆ ಎರಡು ಕಡೆಯಿಂದ ಗಟ್ಟಿಯಾಯಿತು.

ಈ ಅಂಕಿಗಳ ಅಗಾಧತೆಯನ್ನು ಅಳೆಯಲು ಒಂದು ಹೋಲಿಕೆ ನೆರವಾದೀತು. ಅಮೆರಿಕ ಖಂಡದ ಆದಿನಿವಾಸಿಗಳನ್ನು ಅಲ್ಲಿನ ಪುರಾತತ್ವಜ್ಞರು ‘ಪೇಲಿಯೋ ಇಂಡಿಯನ್’ ಎಂದು ಕರೆಯುತ್ತಾರೆ. ಕೊಲಂಬಸನ ಭ್ರಮೆಯಿಂದ ಅಂಟಿದ ಹೆಸರದು. ಭಾರತಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಜನರ ಪ್ರಸಿದ್ಧ ಕ್ಲೋವಿಸ್ ಈಟಿಮೊನೆಗಳ ವಯಸ್ಸು ಸುಮಾರು 13 ಸಾವಿರ ವರ್ಷ. ನ್ಯೂ ಮೆಕ್ಸಿಕೊ ರಾಜ್ಯದ ವೈಟ್ ಸ್ಯಾಂಡ್ಸ್‌ನ ಹೆಜ್ಜೆಗುರುತುಗಳಿಗೆ 2021ರಲ್ಲಿ ಹೇಳಲಾದ ವಯಸ್ಸು 21ರಿಂದ 23 ಸಾವಿರ ವರ್ಷ. ಇಸಾಂಪುರದ ಮುಂದೆ ಇವು ನಿನ್ನೆ ಮೊನ್ನೆಯ ಮಾತು.

ಮಳೆಗಾಲದ ಬಿಡಾರ, ಬೇಸಿಗೆಯ ಬಿಡಾರ

ಇನ್ನೂರು ತಾಣಗಳನ್ನು ಒಂದೇ ನಕ್ಷೆಯ ಮೇಲೆ ಇಟ್ಟಾಗ ಪದ್ದಯ್ಯ ಅವರಿಗೆ ಇನ್ನೊಂದು ಚಿತ್ರ ಗೋಚರಿಸಿತು. ಕೆಲವು ತಾಣಗಳು ಕಣಿವೆಯ ಉದ್ದಗಲಕ್ಕೂ ಚದುರಿದ್ದವು. ಅವುಗಳಲ್ಲಿ ಆಯುಧಗಳ ಸಂಖ್ಯೆ ಕಡಿಮೆ. ಇನ್ನು ಕೆಲವು ಒತ್ತೊತ್ತಾಗಿ, ಬೇಸಿಗೆಯಲ್ಲೂ ಬತ್ತದ ಒರತೆಗಳ ಹತ್ತಿರ ಸೇರಿಕೊಂಡಿದ್ದವು. ದೇವಾಪುರ ಮೊದಲಾದೆಡೆ ಅಂತಹ ಒರತೆಗಳ ಕುರುಹುಗಳಿವೆ. ಇದರಿಂದ ಅವರು 1982ರಲ್ಲಿ ಒಂದು ಪ್ರತಿಪಾದನೆ ಮುಂದಿಟ್ಟರು. ಮಳೆಗಾಲದಲ್ಲಿ ಎಲ್ಲೆಡೆ ನೀರು, ಗೆಡ್ಡೆಗೆಣಸು, ಹಣ್ಣುಹಂಪಲು ದೊರೆಯುವುದರಿಂದ ಗುಂಪುಗಳು ಸಣ್ಣದಾಗಿ ಒಡೆದು ಕಣಿವೆಯಲ್ಲೆಲ್ಲ ಹರಡುತ್ತಿದ್ದವು. ಬೇಸಿಗೆಯಲ್ಲಿ ಹಳ್ಳಗಳು ಬತ್ತಿದಾಗ ಎಲ್ಲರೂ ಒರತೆಗಳ ಬಳಿ ಕೂಡುತ್ತಿದ್ದರು. ಆಗ ಆಹಾರದ ಮುಖ್ಯ ಮೂಲ ನೀರಿಗೆ ಬರುವ ದೊಡ್ಡ ಪ್ರಾಣಿಗಳು.

ಈ ಸೀಮೆಯ ಕುರಿಗಾಹಿಗಳ ಸಂಚಾರ ಇಂದಿಗೂ ಮಳೆ ಮತ್ತು ನೀರಿನ ಲೆಕ್ಕದ ಮೇಲೆಯೇ ನಡೆಯುತ್ತದೆ ಎಂಬುದನ್ನು ಬಲ್ಲವರಿಗೆ ಇದು ದೂರದ ಕಲ್ಪನೆ ಎನಿಸಲಾರದು. ಇಸಾಂಪುರ ಈ ಜಾಲದ ಒಂದು ಮುಖ್ಯ ಗಂಟು. ಸುತ್ತಲಿನ ಗುಂಪುಗಳು ಮತ್ತೆ ಮತ್ತೆ ಮರಳಿ ಬಂದು, ಕಲ್ಲೊಡೆದು, ಬೇಕಾದ ಆಯುಧ ಹೊತ್ತು ಹೋಗುತ್ತಿದ್ದ ಜಾಗವಿದು.

ಅವರು ಯಾರು? ಭಾರತದಲ್ಲಿ ಇಷ್ಟು ಹಳೆಯ ಮಾನವ ಮೂಳೆ ಈವರೆಗೆ ದೊರೆತಿಲ್ಲ. ಮಧ್ಯಪ್ರದೇಶದ ನರ್ಮದಾ ದಂಡೆಯ ಹಥ್ನೋರಾದಲ್ಲಿ 1982ರಲ್ಲಿ ಭೂವಿಜ್ಞಾನಿ ಅರುಣ್ ಸೋನಾಕಿಯಾ ಅವರಿಗೆ ಸಿಕ್ಕ ತಲೆಬುರುಡೆಯ ಭಾಗ ಇದಕ್ಕಿಂತ ಬಹಳ ಈಚಿನದು. ಹೋಮೊ ಇರೆಕ್ಟಸ್ ಎಂಬ ನೆಟ್ಟನೆ ನಡೆಯುವ ಪೂರ್ವ ಮಾನವ ಜಾತಿಯವರೇ ಇಸಾಂಪುರದ ಕುಶಲಿಗರೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಆಧುನಿಕ ಮಾನವ ಜಾತಿ ಹುಟ್ಟಿದ್ದು ಸುಮಾರು ಮೂರು ಲಕ್ಷ ವರ್ಷಗಳ ಹಿಂದೆ, ಆಫ್ರಿಕದಲ್ಲಿ. ಹಾಗಾಗಿ ಇಸಾಂಪುರದವರನ್ನು ಕನ್ನಡಿಗರ ಅಜ್ಜಂದಿರೆಂದು ಕರೆಯುವಂತಿಲ್ಲ. ಆದರೆ ಎಳೆಯರು ಹಿರಿಯರ ಪಕ್ಕದಲ್ಲಿ ಕುಳಿತು, ಕೈಯ ಚಲನೆ ನೋಡಿ, ಅನುಕರಿಸಿ ಕಸುಬು ಕಲಿಯುವ ಪದ್ಧತಿ ಅವರಲ್ಲಿ ಆಗಲೇ ಇತ್ತು ಎಂಬುದು ಶಿಪ್ಟನ್ ಅವರ ವಾದ. ಇಷ್ಟು ಹಂತಗಳ ಕೆಲಸವನ್ನು ಪ್ರತಿ ತಲೆಮಾರೂ ತಾನಾಗಿ ಹೊಸದಾಗಿ ಕಂಡುಹಿಡಿಯುವುದು ಅಸಾಧ್ಯವೆಂಬುದು ಅದರ ಆಧಾರ.

ಕೋಲಾರದ ಕಡೆ ಏಕಿಲ್ಲ?

ಇಸಾಂಪುರ ಪಶ್ಚಿಮೋತ್ತರಕ್ಕಿದ್ದರೆ ಅತ್ತಿರಂಪಾಕ್ಕಂ ಪೂರ್ವಕ್ಕಿದೆ. ಮುಳಬಾಗಿಲಿನಿಂದ ಅದು ನೇರ ದೂರದಲ್ಲಿ ಸುಮಾರು 160 ಕಿಲೋಮೀಟರ್ ಮಾತ್ರ. ತಿರುಪತಿ ಬಳಿಯ ರೇಣಿಗುಂಟ ಸುತ್ತಮುತ್ತ ಹಳೆ ಶಿಲಾಯುಗದ ಕೊನೆಯ ಘಟ್ಟದ ಆಯುಧಗಳು ದೊರೆತಿವೆ. ಹಳೆ ಮೈಸೂರು ಸೀಮೆಯಲ್ಲಿ ತಿಪಟೂರು ತಾಲ್ಲೂಕಿನ ಕಿಬ್ಬನಹಳ್ಳಿ ಬೆಣಚುಶಿಲೆಯ ಕೈಗೊಡಲಿಗಳಿಗೆ ಹೆಸರಾಗಿದೆ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಬೆಣಚುಕಲ್ಲಿನ ಅತಿ ಚಿಕ್ಕ ಆಯುಧಗಳು ಸಿಕ್ಕ ಸಂಗತಿಯನ್ನು ಕೆ.ಆರ್.ಯು. ಟಾಡ್ 1948ರಲ್ಲೇ ಪ್ರಕಟಿಸಿದ್ದರು. ಸುತ್ತ ಇಷ್ಟೆಲ್ಲ ಇದ್ದು, ನಡುವಿನ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಬಯಲು ಈ ನಕ್ಷೆಯಲ್ಲಿ ಮಸುಕಾಗಿಯೇ ಕಾಣುತ್ತದೆ.

ಇದಕ್ಕೆ ಒಂದು ಕಾರಣ ಕಲ್ಲು. ಕೋಲಾರ ಸೀಮೆಯ ಬೆಟ್ಟಗಳು ಬಹುಪಾಲು ಗ್ರಾನೈಟ್ ಮತ್ತು ನೈಸ್ ಶಿಲೆಯವು. ದೇಗುಲಕ್ಕೂ ವಿಗ್ರಹಕ್ಕೂ ಸೊಗಸಾದ ಗ್ರಾನೈಟ್ ಹರಿತವಾದ ಅಂಚು ಕೊಡುವುದರಲ್ಲಿ ಹಿಂದೆ. ಅದರ ಹರಳುಗಳು ಒರಟು. ಏಟು ಹಾಕಿದರೆ ಚಕ್ಕೆ ಏಳುವ ಬದಲು ಪುಡಿ ಉದುರುತ್ತದೆ. ಹುಣಸಗಿ ಕಣಿವೆಯ ಕೆಲವು ತಾಣಗಳಲ್ಲಿ ಗ್ರಾನೈಟ್ ಆಯುಧಗಳೂ ದೊರೆತಿರುವುದರಿಂದ ಆದಿಮಾನವರು ಅದನ್ನು ಪೂರ್ತಿ ಬಿಟ್ಟಿರಲಿಲ್ಲ ಎಂಬುದು ನಿಜ. ಆದರೆ ಸವೆದ ಗ್ರಾನೈಟ್ ಆಯುಧವನ್ನು ಸಹಜ ಕಲ್ಲಿನಿಂದ ಬೇರ್ಪಡಿಸಿ ನೋಡಲು ಪಳಗಿದ ಕಣ್ಣೇ ಬೇಕು.

ಈ ಸೀಮೆಯಲ್ಲಿ ಲಭ್ಯವಿರುವ ಇನ್ನೊಂದು ಕಲ್ಲು ಬೆಣಚು. ಕೋಲಾರದ ಚಿನ್ನವನ್ನು ಹೊತ್ತಿದ್ದದ್ದೂ ಬೆಣಚಿನ ಪಟ್ಟೆಗಳೇ. ಬೆಣಚು ಹರಿತವಾಗಿಯೇ ಒಡೆಯುತ್ತದೆ, ಆದರೆ ಅಂಕೆಯಿಲ್ಲದೆ ಚೂರಾಗುತ್ತದೆ. ಏಟಿನ ಗುಬುಟು, ನಸುಗೆರೆಗಳು ಅದರಲ್ಲಿ ಸ್ಪಷ್ಟವಾಗಿ ಮೂಡುವುದು ಅಪರೂಪ. ಹೊಲದಲ್ಲಿ ಬಿಳಿಯಾಗಿ ಹೊಳೆಯುವ ಬೆಣಚಿನ ಚೂರು ರೈತನಿಗೂ ಎಂಜಿನಿಯರನಿಗೂ ಬರೀ ಕಲ್ಲಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಹೀಗಾಗಿ ತಾಣ ಕಾಣದಿರುವುದಕ್ಕೂ ತಾಣ ಇಲ್ಲದಿರುವುದಕ್ಕೂ ವ್ಯತ್ಯಾಸವಿದೆ. 1983ಕ್ಕೆ ಮುನ್ನ ಇಸಾಂಪುರವೂ ಕಾಣದ ತಾಣವೇ ಆಗಿತ್ತು.

ಹಳ್ಳಿಗರು ಪಾಂಡವರ ಮನೆಗಳೆಂದು ಕರೆಯುವ ಚಪ್ಪಡಿ ಗೋರಿಗಳನ್ನೂ ಶಿಲಾಯುಗದ ಆಯುಧಗಳನ್ನೂ ಒಂದೇ ಕಾಲದವೆಂದು ತಿಳಿಯುವ ಗೊಂದಲ ಸಾಮಾನ್ಯ. ನಿಲುಗಲ್ಲು, ಕಲ್ಲುಕೋಣೆಗಳ ಬೃಹತ್ ಶಿಲಾ ಸಂಸ್ಕೃತಿ ದಕ್ಷಿಣ ಭಾರತದಲ್ಲಿ ಬಹುಮಟ್ಟಿಗೆ ಕಬ್ಬಿಣ ಯುಗಕ್ಕೆ ಸೇರಿದ್ದು; ಅದರ ವಯಸ್ಸನ್ನು ಸಾವಿರಗಳಲ್ಲಿ ಎಣಿಸಬೇಕು, ಲಕ್ಷಗಳಲ್ಲಲ್ಲ.

ಬಿದ್ದ ಜಾಗವೇ ಸಾಕ್ಷಿ

ಭಾರತದಲ್ಲಿ ಹಳೆ ಶಿಲಾಯುಗದ ಅಧ್ಯಯನ ಆರಂಭವಾದದ್ದು 1863ರ ಮೇ 30ರಂದು. ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಅಂದು ಮದರಾಸಿನ ಪಲ್ಲಾವರಂನಲ್ಲಿ ಮನುಷ್ಯ ಮಾಡಿದ ಕಲ್ಲಿನ ಆಯುಧವೊಂದನ್ನು ಗುರುತಿಸಿದರು. ಅದೇ ವರ್ಷ ಅತ್ತಿರಂಪಾಕ್ಕಂ ಕೂಡ ಬೆಳಕಿಗೆ ಬಂತು. ಮುಂದಿನ ದಶಕಗಳಲ್ಲಿ ಅವರು ಕನ್ನಡ ನಾಡಿನಲ್ಲೂ ವ್ಯಾಪಕವಾಗಿ ಸಂಚರಿಸಿ ಆಯುಧಗಳನ್ನು ಕೂಡಿಸಿದರು. ಅವರ ಸಂಗ್ರಹ ಚೆನ್ನೈ ವಸ್ತುಸಂಗ್ರಹಾಲಯದಲ್ಲಿದೆ. ಆ ಕಾಲದ ಕ್ರಮ ಆಯುಧಗಳನ್ನು ಹೆಕ್ಕಿ ಜೋಡಿಸುವುದಾಗಿತ್ತು. ಸುಂದರ ಕೈಗೊಡಲಿ ಪೆಟ್ಟಿಗೆ ಸೇರುತ್ತಿತ್ತು; ಚಕ್ಕೆಚೂರು ಹೊಲದಲ್ಲೇ ಉಳಿಯುತ್ತಿತ್ತು.

ಇಸಾಂಪುರದ ಮಹತ್ವವಿರುವುದು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ. ಅಲ್ಲಿ ಚಕ್ಕೆಚೂರೇ ಕಥೆ ಹೇಳಿತು. ಸುತ್ತಿಗೆಗಲ್ಲಿನ ಪಕ್ಕದಲ್ಲಿ ತಿರುಳುಗಲ್ಲು, ಅದರ ಸುತ್ತ ಚಕ್ಕೆಗಳು, ಅನತಿ ದೂರದಲ್ಲಿ ಪ್ರಾಣಿಯ ಹಲ್ಲು. ಇವು ಒಂದಕ್ಕೊಂದು ಎಷ್ಟು ದೂರದಲ್ಲಿ, ಯಾವ ಮಣ್ಣಿನ ಪದರದಲ್ಲಿ ಇದ್ದವು ಎಂಬುದೇ ಪುರಾವೆ. ಹಲ್ಲು ಮತ್ತು ಆಯುಧ ಒಂದೇ ಪದರದಲ್ಲಿ ಇದ್ದದ್ದರಿಂದಲೇ ಹಲ್ಲಿನ ವಯಸ್ಸು ಆಯುಧದ ವಯಸ್ಸೂ ಆಯಿತು. ಯಾರಾದರೂ ಅದಕ್ಕೆ ಮುನ್ನ ಒಳ್ಳೆಯ ಆಯುಧಗಳನ್ನು ಆರಿಸಿ ಒಯ್ದಿದ್ದರೆ ಅವರ ಕಪಾಟಿನಲ್ಲಿ ಅಂದವಾದ ಕಲ್ಲುಗಳಿರುತ್ತಿದ್ದವು, ಹನ್ನೆರಡು ಲಕ್ಷ ವರ್ಷ ಇರುತ್ತಿರಲಿಲ್ಲ.

ಆತಂಕ ಇರುವುದೂ ಇಲ್ಲಿಯೇ. ಕಾಲುವೆಯ ನೀರು ಬಂದ ಮೇಲೆ ಹುಣಸಗಿ ಸೀಮೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಗದ್ದೆಗೆ ನೆಲ ಮಟ್ಟವಾಗಿರಬೇಕು; ಮಟ್ಟ ಮಾಡಲು ಯಂತ್ರ ಬೇಕು. ಒಂದು ಹಗಲಿನಲ್ಲಿ ಮಣ್ಣು ಮಗುಚುವ ಯಂತ್ರ ಅಳಿಸುವ ಪುಟವನ್ನು ಮತ್ತೆ ಬರೆಯಲು ಆಗದು. ನೀರು ಬಯಸಿದ ರೈತನನ್ನು ಇದಕ್ಕೆ ದೂರುವುದು ನ್ಯಾಯವಲ್ಲ. ತನ್ನ ಹೊಲದ ಕಲ್ಲುಗಳೇನೆಂದು ಅವನಿಗೆ ಹೇಳುವ ಹೊಣೆ ಬಲ್ಲವರದ್ದು. ಕೋಲಾರದ ಕಡೆ ಯಂತ್ರಕ್ಕೆ ಬೇರೆ ಬೇರೆ ಕೆಲಸಗಳಿವೆ. ಮಾಲೂರು ಸುತ್ತ ಕಲ್ಲು ಕ್ವಾರಿ, ಶ್ರೀನಿವಾಸಪುರದ ಕಡೆ ಮಾವಿನ ತೋಟಕ್ಕೆ ನೆಲ ಹಸನು, ಎಲ್ಲೆಡೆ ಕೆರೆಯ ಹೂಳೆತ್ತುವಿಕೆ, ಬೆಂಗಳೂರಿಗೆ ಹತ್ತಿರವಾದಲ್ಲೆಲ್ಲ ಬಡಾವಣೆ.

ಕಾನೂನು ಇಲ್ಲವೆಂದಲ್ಲ. ಕೇಂದ್ರದ 1958ರ ಮತ್ತು ರಾಜ್ಯದ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಗಳು ಸ್ಮಾರಕಗಳ ಜೊತೆಗೆ ಪುರಾತತ್ವ ನೆಲೆಗಳನ್ನೂ ರಕ್ಷಣೆಗೆ ಒಳಪಡಿಸಲು ಅವಕಾಶ ಕೊಡುತ್ತವೆ. ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ, ಸಂರಕ್ಷಿತ ಜಾಗದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶವನ್ನೂ ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶವನ್ನೂ ಗೊತ್ತುಪಡಿಸಿತು. ಆದರೆ ಇವೆಲ್ಲ ಅನ್ವಯವಾಗುವುದು ಸಂರಕ್ಷಿತವೆಂದು ಘೋಷಿತವಾದ ಜಾಗಕ್ಕೆ. ಗೋಪುರವಿದ್ದ ದೇಗುಲ, ಬುರುಜಿದ್ದ ಕೋಟೆ ಘೋಷಣೆಯ ಪಟ್ಟಿಗೆ ಬೇಗ ಸೇರುತ್ತವೆ. ಮೇಲ್ನೋಟಕ್ಕೆ ಬಂಜರು ನೆಲದಂತೆ ತೋರುವ, ಒಡೆದ ಕಲ್ಲು ಚೆಲ್ಲಿದ ಎರಡು ಎಕರೆಗೆ ಆ ಅದೃಷ್ಟ ಸುಲಭವಾಗಿ ಒದಗುವುದಿಲ್ಲ.

ನಾಗರಿಕರು ಮಾಡಬಹುದಾದ ಕೆಲಸ ಸರಳವಾದದ್ದು. ಹಳ್ಳದ ದಂಡೆ, ಬೆಟ್ಟದ ತಪ್ಪಲು, ಹೊಸದಾಗಿ ತೋಡಿದ ಗುಂಡಿಗಳಲ್ಲಿ ಒಂದೇ ಬಗೆಯಲ್ಲಿ ಒಡೆದ ಕಲ್ಲುಗಳು ಗುಂಪಾಗಿ ಕಂಡರೆ ಅವನ್ನು ಎತ್ತಿಕೊಳ್ಳಬಾರದು. ಅಳತೆಗೆಂದು ಪಕ್ಕದಲ್ಲಿ ನಾಣ್ಯವೊಂದನ್ನು ಇಟ್ಟು ಛಾಯಾಚಿತ್ರ ತೆಗೆದು, ಜಾಗದ ಗುರುತು ಬರೆದುಕೊಂಡು, ರಾಜ್ಯ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೋ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಕ್ಕೋ ತಿಳಿಸಬೇಕು. ಹತ್ತರಲ್ಲಿ ಒಂಬತ್ತು ಸಲ ಅದು ಬರೀ ಕಲ್ಲೆಂಬ ಉತ್ತರ ಬರಬಹುದು. ಹತ್ತನೆಯ ಸಲ ಹಾಗಾಗದಿರಬಹುದು.

ಶಿವಾರಪಟ್ಟಣದ ಅಂಗಳದಲ್ಲಿ ಈಗ ಬೀಳುತ್ತಿರುವ ಚಕ್ಕೆಗಳನ್ನು ಯಾರೂ ಕಾಯಬೇಕಾಗಿಲ್ಲ. ಕಸುಬು ಅಲ್ಲಿ ಜೀವಂತವಾಗಿದೆ, ಏನು ಮಾಡುತ್ತಿದ್ದೀರೆಂದು ಶಿಲ್ಪಿಯನ್ನೇ ಕೇಳಬಹುದು. ಇಸಾಂಪುರದವರನ್ನು ಕೇಳುವ ಹಾಗಿಲ್ಲ. ಅವರ ಭಾಷೆ, ಬೆಂಕಿ, ಹೊದಿಕೆ, ಹಾಡು ಯಾವುದೂ ಉಳಿದಿಲ್ಲ. ಉಳಿದಿರುವುದು ಅವರು ಒಡೆದ ಕಲ್ಲು, ಮತ್ತು ಅದು ಬಿದ್ದಿದ್ದ ಜಾಗ. ಕಲ್ಲು ಇನ್ನೂ ಲಕ್ಷ ವರ್ಷ ಬಾಳೀತು. ಜಾಗವನ್ನು ಉಳಿಸುವುದು ಈ ತಲೆಮಾರಿನ ಕೈಯಲ್ಲಿದೆ.